ರಸ್ತೆ ಅಗೆಯುವಾಗಲೇ ಖಾಲಿ ಪೈಪ್ ಹಾಕಿಸಿ: ಹೆದ್ದಾರಿ ಪಕ್ಕದ ನಿವಾಸಿಗಳ ಮನವಿ

ಗೆ,
ಮುಖ್ಯ ಎಂಜಿನಿಯರ್ ಅವರಿಗೆ,
ಪ್ರಾದೇಶಿಕ ಹೆದ್ದಾರಿ ವಿಭಾಗ

ವಿಷಯ: ಅಗಲೀಕರಣದ ಜೊತೆಗೇ ಕನೆಕ್ಟೆಡ್ ವಾಹನಗಳಿಗೆ ಬೇಕಾದ ತಯಾರಿ ಮಾಡಿಕೊಳ್ಳುವ ಬಗ್ಗೆ

ಮಾನ್ಯರೇ,

ಹೆದ್ದಾರಿ ಅಗಲ ಮಾಡುವುದು ಬೇಡ ಎನ್ನಲು ನಾವು ಬರೆಯುತ್ತಿಲ್ಲ. ಅಗೆಯುವುದಾದರೆ ಒಂದೇ ಸಲ ಅಗೆಯಿರಿ ಎನ್ನುವುದಕ್ಕೆ ಈ ಪತ್ರ. ಹೊಸ ಡಾಂಬರು ಹಾಕಿ, ಆಮೇಲೆ ಕೇಬಲ್ಲಿಗೆಂದು ಕೊರೆದು, ತೇಪೆ ಹಚ್ಚಿದ್ದನ್ನು ನೋಡಿ ಸಾಕಾಗಿದೆ.

ಈಗ ವಾಹನಗಳೇ ಒಂದಕ್ಕೊಂದು ಮಾತಾಡತೊಡಗಿವೆ; ಇವನ್ನೇ ಕನೆಕ್ಟೆಡ್ ವಾಹನ ಎನ್ನುವುದು. ತಾನೆಲ್ಲಿದ್ದೇನೆ, ವೇಗ ಎಷ್ಟು, ಬ್ರೇಕ್ ಬಿತ್ತಾ ಎಂದು ಇಂಥ ವಾಹನ ಸೆಕೆಂಡಿಗೆ ಸುಮಾರು 10 ಸಲ ರೇಡಿಯೊದಲ್ಲಿ ಸಾರುತ್ತದೆ. ಎದುರಿಗೆ ಅಡ್ಡಿ ಇಲ್ಲದಿದ್ದರೆ ಕೆಲವು ನೂರು ಮೀಟರ್ ದೂರದ ವಾಹನಕ್ಕೂ ಅದು ಮುಟ್ಟುತ್ತದೆ. ಅಡ್ಡಿ ಇದ್ದರೆ? ಗುಡ್ಡ ಸುತ್ತುವ ನಮ್ಮ ತಿರುವನ್ನೇ ನೋಡಿ. ಮಂಜು ಬಿದ್ದ ಬೆಳಗ್ಗೆ ಅಲ್ಲಿ ಲಾರಿ ಕೆಟ್ಟು ನಿಂತರೆ, ಅದರ ಹಿಂದಿನ ದೀಪ ಕಾಣುವ ಹೊತ್ತಿಗೆ ಬ್ರೇಕ್ ಹಾಕಲು ಜಾಗವೇ ಉಳಿದಿರುವುದಿಲ್ಲ. ಈ ವಾಹನಗಳು ಬಳಸುವ 5.9 ಗಿಗಾಹರ್ಟ್ಸ್ ರೇಡಿಯೊ ಅಲೆ ಗುಡ್ಡವನ್ನು ಸುತ್ತಿಕೊಂಡು ಹೋಗುವಂಥದ್ದಲ್ಲ. ಎರಡೂ ಕಡೆಗೆ ಸುದ್ದಿ ದಾಟಿಸಲು ತಿರುವಿನಲ್ಲೇ ಒಂದು ಕಂಬ, ಅದರ ಮೇಲೊಂದು ರೇಡಿಯೊ ಪೆಟ್ಟಿಗೆ ಬೇಕು. ಪೆಟ್ಟಿಗೆಗೆ ಕರೆಂಟು, ಫೈಬರ್ ಬೇಕು.

ಹಾಗಂತ ಪೆಟ್ಟಿಗೆಗಳನ್ನು ಈಗಲೇ ರಾಶಿ ರಾಶಿ ಕೊಳ್ಳಬೇಡಿ. ಅಮೆರಿಕ 1999ರಲ್ಲಿ ಇದಕ್ಕೆಂದೇ 75 ಮೆಗಾಹರ್ಟ್ಸ್‌ನಷ್ಟು ರೇಡಿಯೊ ತರಂಗಗಳ ಜಾಗ ತೆಗೆದಿಟ್ಟಿತು. 2020ರಲ್ಲಿ ಅದರಲ್ಲಿ 45ನ್ನು ವೈ-ಫೈ ಥರದ ಬಳಕೆಗೆ ಬಿಟ್ಟು, ಉಳಿದ 30ರಲ್ಲಿ ವೈ-ಫೈ ಮಾದರಿಯ ಹಳೆಯ ವಿಧಾನವಾದ ಡಿಎಸ್‌ಆರ್‌ಸಿ ಬದಲು ಮೊಬೈಲ್ ತಂತ್ರಜ್ಞಾನದ ಹೊಸ ವಿಧಾನವಾದ ಸಿ-ವಿ2ಎಕ್ಸ್ ಎಂದು ತೀರ್ಮಾನಿಸಿತು. ಹಳೆಯದನ್ನು ನಂಬಿ ಕಂಬಕ್ಕೇರಿಸಿದವರ ಪಾಡು ಏನಾಗಿರಬೇಡ! ನೆಲದಡಿ ಹಾಕಿಡುವ ಖಾಲಿ ಪೈಪಿಗೆ ಆ ಭಯವಿಲ್ಲ. ಯಾವ ತಂತ್ರಜ್ಞಾನ ಬಂದರೂ ಅದರೊಳಗೆ ತಂತಿ ಎಳೆಯಬಹುದು. ಆದ್ದರಿಂದ ರಸ್ತೆಯುದ್ದಕ್ಕೂ ಪೈಪ್, ತಿರುವು ಮತ್ತು ಜಂಕ್ಷನ್‌ಗಳಲ್ಲಿ ಕಂಬದ ತಳಪಾಯ, ಕರೆಂಟಿನ ಸಂಪರ್ಕ, ಇಷ್ಟನ್ನು ಈಗಿನ ಕೆಲಸದಲ್ಲೇ ಸೇರಿಸಿ.

ಲೇನ್ ಗೆರೆಗಳಿಗೂ ಆಗಾಗ ಬಣ್ಣ ಹಚ್ಚಿಸಿ. ವಾಹನದ ಕ್ಯಾಮೆರಾ ಓದುವುದೂ ಅದೇ ಗೆರೆಯನ್ನು, ನಾವು ನೋಡುವುದೂ ಅದನ್ನೇ.

ಇನ್ನೊಂದು ಮಾತು. ಸೈಕಲ್ ತುಳಿಯುವವರ ಹತ್ತಿರ, ರಸ್ತೆ ದಾಟುವ ಮಕ್ಕಳ ಹತ್ತಿರ ರೇಡಿಯೊ ಇರುವುದಿಲ್ಲ ಅಲ್ವಾ? ಹಳೇ ಗಾಡಿಗಳೂ ಇನ್ನೂ ಎಷ್ಟೋ ವರ್ಷ ಓಡುತ್ತವೆ. ಹೊಸದು ಬಂತೆಂದು ಬೋರ್ಡು, ದೀಪ, ಕ್ರಾಸಿಂಗ್ ಕಡಿಮೆ ಮಾಡಬೇಡಿ. ಯಾರ ಗಾಡಿ ಯಾವಾಗ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಆ ಪೆಟ್ಟಿಗೆಗಳು ಕೂಡಿಡದಂತೆ ಟೆಂಡರಿನಲ್ಲೇ ಬರೆಸಿ.

ಡಾಂಬರು ಬೀಳುವ ಮೊದಲು ನಕ್ಷೆಯನ್ನು ನಮಗೂ ತೋರಿಸಿ. ಸಾಧ್ಯವಾದರೆ ಮಂಜಿರುವ ಒಂದು ಬೆಳಗ್ಗೆ 6 ಗಂಟೆಗೆ ತಿರುವಿಗೆ ಬನ್ನಿ. ನಾವು ಅಲ್ಲೇ ಇರುತ್ತೇವೆ.

ಇಂತಿ,
ಹೆದ್ದಾರಿ ಪಕ್ಕದ ನಿವಾಸಿಗಳು