ನಮ್ಮ ಹಿಮ್ಮೇಳದವರಿಗೆ

ನಮ್ಮ ಮೊದಲ ರ‍್ಯಾಪ್ ಆಲ್ಬಂ ಕೊನೆಗೂ ಬಿಡುಗಡೆಯಾಯಿತು. ಹುಬ್ಬಳ್ಳಿಯ ಆಟೋದಲ್ಲಿ ನಿಮ್ಮ ಹಾಡು ಕೇಳಿದೆ ಅಂತ ಒಬ್ಬರು, ಟ್ರ್ಯಾಕ್ಟರ್‌ನಲ್ಲಿ ಹಚ್ಚಿಕೊಂಡು ಹೊಲಕ್ಕೆ ಹೊರಟಿದ್ದೇವೆ ಅಂತ ಗದಗ ಕಡೆಯ ಹುಡುಗರು ಮೆಸೇಜ್ ಮಾಡುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ, ಕ್ಷಮಿಸಿ. ಪೋಸ್ಟರ್ ಮೇಲೆ ಇರುವುದು ನನ್ನ ಮತ್ತು ನನ್ನ ದೋಸ್ತನ ಮುಖ ಮಾತ್ರ. ಹಿಂದೆ ನಿಂತವರ ಬಗ್ಗೆ ಹೇಳದೆ ಇದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ಸಪ್ತಾಪುರದ ಪಕ್ಕದ ರೂಮಿನ ಹುಡುಗರಿಗೆ. ಧಾರವಾಡ ಗೊತ್ತಿದ್ದವರಿಗೆ ಸಪ್ತಾಪುರ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಕೋಚಿಂಗ್ ಸೆಂಟರ್, ಜೆರಾಕ್ಸ್ ಅಂಗಡಿ, ಮೆಸ್. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರಕಾರಿ ನೌಕರಿಯ ಪರೀಕ್ಷೆಗೆ ಓದುವವರೇ ಎಲ್ಲಾ ಕಡೆ. ಅಂಥ ಓಣಿಯಲ್ಲಿ ರ‍್ಯಾಪ್ ರೆಕಾರ್ಡ್ ಮಾಡಿದರೆ ಯಾರಾದರೂ ಬೈಯಲೇಬೇಕು. ಇವರು ಬೈಯಲಿಲ್ಲ. ಅವರು ಲೈಬ್ರರಿಗೆ ಹೋದ ಹೊತ್ತಿನಲ್ಲಿ ನಾವು ಹಾಡುತ್ತಿದ್ದೆವು. ಅವರು ವಾಪಸ್ ಬಂದಾಗ ನಮ್ಮದು ಇನ್ನೂ ಮುಗಿದಿರದಿದ್ದರೆ ಚಪ್ಪಲಿ ಕೆಳಗೇ ಬಿಟ್ಟು, ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸದ್ದಾಗಬಾರದು ಅಂತ!

ನೌಕರಿಗೆ ಕಾಯುವವರ ಮೇಲಿನ ಹಾಡು ನಿಮಗೆ ಜಾಸ್ತಿ ಹಿಡಿಸಿದೆ ಅಲ್ವಾ? ಅದರ ಜೀವ ಇವರದು. ನಾವು ಬರೆದಿದ್ದನ್ನು ಓದಿ ಒಬ್ಬ ಹುಡುಗ ಹೇಳಿದ: "ಅಣ್ಣಾ, ನೋಟಿಫಿಕೇಶನ್ ಯಾವಾಗರ ಬರ್ಲಿ, ಕಾಯ್ತೀವಿ. ಊರಿಗೆ ಹೋದಾಗ 'ಏನಾತೋ ತಮ್ಮಾ ನಿಂದು' ಅಂತ ಕೇಳ್ತಾರಲ್ಲ, ಅದನ್ನ ಬರೀರಿ." ಬರೆದೆವು. ಆ ಪ್ರಶ್ನೆಯೇ ಹಾಡಿನ ಪಲ್ಲವಿ ಆಯಿತು.

ನಮ್ಮ ಅವ್ವನಿಗೆ. ಕಂಡೆನ್ಸರ್ ಮೈಕ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಬರಿ ಗೋಡೆಯ ರೂಮಿನಲ್ಲಿ ಹಾಡಿದರೆ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ತೆಗೆಯಲು ಆಗುವುದಿಲ್ಲ. ಸ್ಟುಡಿಯೋ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅವ್ವ ಹುಬ್ಬಳ್ಳಿಯಿಂದ ಕೌದಿಗಳ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಹಗ್ಗ ಕಟ್ಟಿ ಸುತ್ತಲೂ ಇಳಿಬಿಟ್ಟೆವು. ಹಳೆ ಸೀರೆ, ಅಜ್ಜನ ಧೋತರ, ನನ್ನ ಸಾಲಿ ಅಂಗಿ ಎಲ್ಲ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ. ರೂಮಿನ ಪ್ರತಿಧ್ವನಿ ಒಂದೇ ಸಲಕ್ಕೆ ಅಡಗಿತು. ಫ್ಯಾನ್ ಹಾಕುವ ಹಾಗಿಲ್ಲ, ಒಳಗೆ ಬೆವರು ಸುರಿಯುತ್ತಿತ್ತು. ಆದರೆ ದನಿ ಮಾತ್ರ ಸ್ವಚ್ಛ.

ಹಾವೇರಿ ಕಡೆಯ, ಗೀಗೀ ಪದ ಹಾಡುವ ಮೇಳದ ಅಜ್ಜನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಆಲ್ಬಂ ಬದಲಾಗಿದ್ದೇ ಅವರ ಪಡಸಾಲೆಯಲ್ಲಿ. ಹರದೇಶಿ-ನಾಗೇಶಿ ಕೇಳಿ ಬೆಳೆದವರಿಗೆ ಗೊತ್ತು. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ, ರಾತ್ರಿಯೆಲ್ಲ ಸವಾಲು-ಜವಾಬು. ನಾವು ಮೊಬೈಲಿನಲ್ಲಿ ರ‍್ಯಾಪ್ ಬ್ಯಾಟಲ್ ನೋಡಿ ಬೆರಗಾಗುತ್ತಿದ್ದೆವು. ನಮ್ಮ ಜಾತ್ರೆಗಳಲ್ಲಿ ಅದು ಮೊದಲಿನಿಂದಲೂ ಇತ್ತು.

ಅಜ್ಜ ನಮ್ಮ ಹಾಡು ಪೂರ್ತಿ ಕೇಳಿದರು. "ಚಲೋ ಐತಿ. ಖರೆ, ಉಸುರು ಯಾವಾಗ ತಗೋತೀರಿ?" ಅಂದರು. ಆಮೇಲೆ ದಪ್ಪು ಹಿಡಿದು ಹಾಡಿ ತೋರಿಸಿದರು. ಮುಂದೆ ನಿಂತು ಹಾಡುವವನು ಸಾಲು ಮುಗಿಸುವಷ್ಟರಲ್ಲಿ ಹಿಂದಿನವರು ಅದರ ಕೊನೆ ಹಿಡಿದು "ಗೀಯ ಗೀಯ" ಅಂತ ಎತ್ತಿಕೊಳ್ಳುತ್ತಾರೆ. ತುಂತುಣಿಯ ತಂತಿಯ ನಾದ ನಿಲ್ಲುವುದಿಲ್ಲ. ಆ ಸಂದಿನಲ್ಲಿ ಮುಂದೆ ಹಾಡುವವನಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲೂ ಹೊಳೆಯುತ್ತದೆ. ನಿಮ್ಮ ಈ ಹಿಪ್ ಹಾಪ್ ಎಲ್ಲಿಯದು ಅಂತ ಅಜ್ಜ ಕೇಳಿದರು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಅಂತ ಒಬ್ಬರು ನಡೆಸಿದ ಪಾರ್ಟಿಯಿಂದ ಶುರುವಾಯಿತು ಅಂತಾರೆ, ಅವರು ರೆಕಾರ್ಡಿನ ಡ್ರಮ್ ಭಾಗವನ್ನೇ ಮತ್ತೆ ಮತ್ತೆ ತಿರುಗಿಸಿ ಉದ್ದ ಮಾಡುತ್ತಿದ್ದರು, ಅದರ ಮೇಲೆ ಮೈಕ್ ಹಿಡಿದು ಮಾತಾಡುತ್ತಿದ್ದರು ಅಂತ ಹೇಳಿದೆ. "ಹಂಗಾರ ಅವ್ರಿಗೂ ಹಿಮ್ಮೇಳ ಬೇಕಾತು ಅನ್ನು" ಅಂದರು ಅಜ್ಜ.

ಧಾರವಾಡಕ್ಕೆ ಬಂದು ಅರ್ಧ ಆಲ್ಬಂ ಮತ್ತೆ ಹಾಡಿದೆವು. ಅಲ್ಲಿಯವರೆಗೆ ಇಬ್ಬರೂ ತಮ್ಮ ತಮ್ಮ ಭಾಗ ಒಪ್ಪಿಸಿ ಸುಮ್ಮನಾಗುತ್ತಿದ್ದೆವು. ಈಗ ನನ್ನ ಸಾಲಿನ ಕೊನೆ ನನ್ನ ದೋಸ್ತ ಎತ್ತಿಕೊಳ್ಳುತ್ತಾನೆ, ಅವನದನ್ನು ನಾನು. ನೀವು ಕೇಳುತ್ತಿರುವುದು ಅದನ್ನೇ.

ಹಲಗಿ ಬಾರಿಸಿದ ಅಣ್ಣಂದಿರಿಗೆ. ಆ ದಿನ ಮೋಡ ಕವಿದಿತ್ತು, ಹಲಗಿಯ ಚರ್ಮ ಸಡಿಲಾಗಿತ್ತು. ಮಾಳಿಗೆ ಮೇಲೆ ಕಾಗದ, ಒಣ ಕಡ್ಡಿ ಒಟ್ಟಿ ಬೆಂಕಿ ಹಚ್ಚಿ, ಹಲಗಿ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಮತ್ತೆ ಕಾಯಿಸಿದರು. ಪ್ರತಿ ಟೇಕಿಗೂ ಹೀಗೆಯೇ. ಯಾರ ಮುಖದಲ್ಲೂ ಬೇಸರವಿಲ್ಲ. ಮಿಕ್ಸಿಂಗ್ ಮಾಡಿದ ಗೆಳೆಯ ಆ ಏಟು ಕೇಳಿದವನೇ ನಮ್ಮ ಬೀಟಿನ ಸ್ನೇರ್ ಡ್ರಮ್ಮಿನ ಸದ್ದು ತೆಗೆದುಬಿಟ್ಟ. "ಎರಡೂ ಒಂದೇ ಜಾಗಕ್ಕೆ ಬಡಿದಾಡ್ತಾವು, ಹಲಗಿ ಇರ್ಲಿ" ಅಂದ. ಕೆಳಗೆ 808 ಡ್ರಮ್ ಮಷೀನಿನ ಬೇಸ್, ಮೇಲೆ ಹಲಗಿ. ಅವನ ಕಿವಿಗೆ ನಾನು ಋಣಿ.

ಒಂದು ಕಡೆ ನಮ್ಮ ಹಾಡು ಕೇಳಿ, ಈ ಭಾಷೆ ಬೆಂಗಳೂರಿನಲ್ಲಿ ನಡೆಯಲ್ಲ, ಬದಲಿಸಿ ಅಂದಿದ್ದರು. ಆಗ ದೋಸ್ತ ಗಟ್ಟಿಯಾಗಿ ನಿಂತ. "ಮನ್ಯಾಗ ಮಾತಾಡಿದಂಗ ಹಾಡೂಣು" ಅಂದ. ಒಂದು ಪದವನ್ನೂ ಬದಲಿಸಲು ಬಿಡಲಿಲ್ಲ. ಇವತ್ತು ಬೆಂಗಳೂರಿನಿಂದಲೂ ಜನ ಬರೆಯುತ್ತಿದ್ದಾರೆ. ದೋಸ್ತಾ, ನೀನಿಲ್ಲದೆ ನಾನು ಒಬ್ಬನೇ ಇದನ್ನು ಮಾಡುತ್ತಿರಲಿಲ್ಲ.

ಹಲಗಿ ಅಣ್ಣಂದಿರ ಹೆಸರು, ಅಜ್ಜನ ಮೇಳದ ಹೆಸರು ಹಾಡಿನ ಜೊತೆಗೇ ಕಲಾವಿದರು ಅಂತ ಹಾಕಿದ್ದೇವೆ. ಬರುವ ದುಡ್ಡಿನಲ್ಲಿ ಅವರಿಗೂ ಪಾಲು ಇದೆ. ಅಜ್ಜನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಹಾಡುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಈ ಭಾನುವಾರ ನಾವಿಬ್ಬರೂ ಹಾವೇರಿಗೆ ಹೊರಟಿದ್ದೇವೆ.