ಲ್ಯಾಪ್‌ಟಾಪ್‌ಗೆ ಲಿಂಕ್ ಆಗಲಿಲ್ಲ ಅಂದ್ರೆ ಇಸಿಎಂ ಸುಟ್ಟಿದೆ ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ಕಾರು ದೋಷ ಓದುವ ಸ್ಕ್ಯಾನರ್‌ಗೆ ಲಿಂಕ್ ಆಗುತ್ತಿಲ್ಲ ಎಂದು ಹೇಳಿ ಗ್ಯಾರೇಜಿನವರು ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಬದಲಿಸಲು ದೊಡ್ಡ ಮೊತ್ತ ಕೇಳಿದ್ದನ್ನು ಸಿಂಧನೂರಿನ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಮೆಕ್ಯಾನಿಕ್‌ಗಳನ್ನೆಲ್ಲ ಒಟ್ಟಿಗೆ ಕಳ್ಳರ ಸಾಲಿಗೆ ಸೇರಿಸಿದ್ದು ಸರಿ ಅನ್ನಿಸಲಿಲ್ಲ. ನಾನು ಗಂಗಾವತಿಯಲ್ಲಿ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ನಾನು ಕಂಡ ಮಟ್ಟಿಗೆ ಇದರಲ್ಲಿ ಮೋಸಕ್ಕಿಂತ ಅವಸರವೇ ಜಾಸ್ತಿ. ಸ್ಕ್ಯಾನರ್ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಹಚ್ಚುತ್ತಾರೆ, ಪರದೆ ಮೇಲೆ ಎರರ್ ಬರುತ್ತದೆ, ಹೊರಗೆ ಇನ್ನೂ ನಾಲ್ಕು ಗಾಡಿ ಕಾಯುತ್ತಿರುತ್ತವೆ, ‘ಇಸಿಎಂ ಹೋಗಿದೆ ಸಾಹುಕಾರ್ರೇ’ ಅಂದು ಕೈ ತೊಳೆದುಕೊಳ್ಳುತ್ತಾರೆ. ಫೋನ್ ಹತ್ತಲಿಲ್ಲ ಅಂದ ಮಾತ್ರಕ್ಕೆ ಆ ಕಡೆಯವರು ತೀರಿಕೊಂಡರು ಅಂತ ಯಾರಾದರೂ ತಿಥಿ ಮಾಡ್ತಾರಾ?

ಗಾಡಿ ಸ್ಟಾರ್ಟ್ ಆಗಿ ಓಡುತ್ತಿದ್ದರೆ ಇಸಿಎಂ ಬದುಕಿದೆ ಅಂತಲೇ ಲೆಕ್ಕ. ಎಷ್ಟು ಇಂಧನ ಬಿಡಬೇಕು, ಯಾವ ಗಳಿಗೆಗೆ ಬಿಡಬೇಕು ಅಂತ ನೋಡಿಕೊಳ್ಳುವುದೇ ಅದು. ಪೂರ್ತಿ ಸತ್ತರೆ ಇಂಜಿನ್ ಹತ್ತುವುದೇ ಇಲ್ಲ. ಒಳಗೆ ಸ್ಕ್ಯಾನರ್ ಜೊತೆ ಮಾತಾಡುವ ಸಣ್ಣ ಚಿಪ್ ಒಂದೇ ಸುಟ್ಟಿರುವ ಕೇಸುಗಳೂ ಇವೆ ಅನ್ನಿ. ಆ ಚಿಪ್ ಬಿಚ್ಚಿ ಬೇರೆ ಹಾಕುವವರಿದ್ದಾರೆ, ಅದಕ್ಕೂ ಇಡೀ ಡಬ್ಬಿ ಬದಲಿಸಬೇಕಿಲ್ಲ.

ಹುಡುಕುವುದನ್ನು ಲ್ಯಾಪ್‌ಟಾಪ್‌ನಿಂದಲೇ ಶುರು ಮಾಡಬೇಕು, ಯಾಕಂದ್ರೆ ಅರ್ಧ ತೊಂದರೆ ಅಲ್ಲೇ ಇರುತ್ತದೆ. ಕಾರನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಯುಎಸ್‌ಬಿ ಕೇಬಲ್ ಹಾಕಿದ ಕೂಡಲೇ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅದು ಒಂದು ಕಾಮ್ ಪೋರ್ಟ್ (ಲ್ಯಾಪ್‌ಟಾಪ್ ಕೇಬಲ್ ಜೊತೆ ಮಾತಾಡುವ ನಂಬರ್ ಇರುವ ದಾರಿ) ಆಗಿ ಕಾಣಿಸಬೇಕು. ಪಕ್ಕದಲ್ಲಿ ಹಳದಿ ಗುರುತು ಇದ್ದರೆ ಡ್ರೈವರ್, ಅಂದರೆ ಕೇಬಲ್ ನಡೆಸುವ ಸಾಫ್ಟ್‌ವೇರ್, ಸರಿಯಾಗಿ ಕೂತಿಲ್ಲ, ಇನ್ನೂ ಕಾರಿನ ಹತ್ತಿರ ಹೋಗುವುದೇ ಬೇಡ. ಗುರುತು ಇಲ್ಲದಿದ್ದರೂ ನಂಬರ್ ನೋಡಿ. ನಿನ್ನೆ ಎಡಗಡೆ ಹಾಕಿದಾಗ ಕಾಮ್ 3 ಆಗಿದ್ದದ್ದು ಇವತ್ತು ಬಲಗಡೆ ಹಾಕಿದರೆ ಕಾಮ್ 7 ಆಗಿರಬಹುದು, ಸಾಫ್ಟ್‌ವೇರ್ ಮಾತ್ರ ಇನ್ನೂ 3ನ್ನೇ ಹಿಡಿದುಕೊಂಡು ಕೂತಿರುತ್ತದೆ. ಬ್ಲೂಟೂತ್ ಆದರೆ ವಿಂಡೋಸ್ ಎರಡು ಪೋರ್ಟ್ ತೋರಿಸಬಹುದು, ಒಂದು ಇನ್‌ಕಮಿಂಗ್, ಒಂದು ಔಟ್‌ಗೋಯಿಂಗ್. ಬೇಕಾದದ್ದು ಔಟ್‌ಗೋಯಿಂಗ್. ಸಾಫ್ಟ್‌ವೇರ್‌ನಲ್ಲಿ ಇಟ್ಟ ಸ್ಪೀಡ್ ಕೂಡ ಕೇಬಲ್‌ಗೆ ಹೊಂದಬೇಕು. ಒಂದು ಕೇಬಲ್ 38400ಕ್ಕೆ ಮಾತಾಡಿದರೆ ಇನ್ನೊಂದು 115200ಕ್ಕೇ ಬಾಯಿ ಬಿಡುವುದು.

ಅಗ್ಗದ ಕೇಬಲ್‌ಗಳ ಕಥೆ ಬೇರೆಯೇ ಇದೆ. ಕಾರಿನ ಮಾತನ್ನು ಲ್ಯಾಪ್‌ಟಾಪ್‌ಗೆ ತಿಳಿಯುವ ಹಾಗೆ ಮಾಡುವ, ಇಎಲ್‌ಎಂ 327 ಅನ್ನುವ ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಂಪನಿ ಮಾಡಿದ್ದು. ಅವರು 1.5 ಅನ್ನುವ ವರ್ಷನ್ ಬಿಟ್ಟೇ ಇಲ್ಲ. ಆದರೂ ನಮ್ಮ ಮಾರ್ಕೆಟ್ಟಿನ ತುಂಬ ‘ವರ್ಷನ್ 1.5’ ಅಂತ ಹೇಳಿಕೊಳ್ಳುವ ಡಬ್ಬಿಗಳೇ. ನಕಲು ಆದ ಮಾತ್ರಕ್ಕೆ ಎಲ್ಲವೂ ಕೆಟ್ಟವಲ್ಲ, ನನ್ನ ಹತ್ತಿರವೂ ಒಂದಿದೆ, ಚೆಕ್ ಲೈಟ್ ಕೋಡ್ ಓದೋಕೆ ಸಾಕು. ಆದರೆ ಕೆಲವು ನಕಲುಗಳಲ್ಲಿ ಹಳೆ ಗಾಡಿಗಳ ಕೆ ಲೈನ್ (ಸ್ಕ್ಯಾನರ್ ಜೊತೆ ಮಾತಾಡುವ ಒಂಟಿ ವೈರ್) ಕೆಲಸವೇ ಮಾಡುವುದಿಲ್ಲ. ಡ್ರೈವರ್ ವಿಷಯದಲ್ಲೂ ನಕಲಿಗೆ ಏಟು ಬಿದ್ದದ್ದುಂಟು. 2014ರಲ್ಲಿ ಯುಎಸ್‌ಬಿ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಜೊತೆ ಬಂದು ನಕಲಿ ಚಿಪ್‌ಗಳ ಐಡಿಯನ್ನೇ ಸೊನ್ನೆ ಮಾಡಿತ್ತು, ಗಲಾಟೆ ಆದ ಮೇಲೆ ಅದನ್ನು ವಾಪಸ್ ತೆಗೆದುಕೊಂಡರು. ಅದಕ್ಕೇ ‘ನಿನ್ನೆ ತನಕ ಚೆನ್ನಾಗಿತ್ತು’ ಅನ್ನುವ ಮಾತು ಕೇಬಲ್ ವಿಷಯದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಪರದೆ ಮೇಲೆ ‘ಕನೆಕ್ಟೆಡ್’ ಅಂತ ಬಂದರೆ ಅದು ಹೆಚ್ಚಾಗಿ ಕೇಬಲ್ ಸಿಕ್ಕಿತು ಅಂತ ಮಾತ್ರ, ಕಾರು ಸಿಕ್ಕಿತು ಅಂತಲ್ಲ. ಟರ್ಮಿನಲ್ ಅನ್ನುವ, ಕಮಾಂಡ್ ಟೈಪ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಎಟಿಝಡ್ (ATZ) ಅಂತ ಟೈಪ್ ಮಾಡಿದರೆ ಚಿಪ್ ತನ್ನ ಹೆಸರು ಹೇಳುತ್ತದೆ. ಆಮೇಲೆ 0100 ಅಂತ ಕಳಿಸಿ, ಅದಕ್ಕೆ ಉತ್ತರ ಕೊಡಬೇಕಾದದ್ದು ಇಸಿಎಂ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ‘ಅನೇಬಲ್ ಟು ಕನೆಕ್ಟ್’ ಅಂತ ಬಂದರೆ ಲ್ಯಾಪ್‌ಟಾಪ್ ಬಿಟ್ಟು ಗಾಡಿ ಕಡೆ ತಿರುಗಬಹುದು. ಕೀ ಆನ್ ಇರಲಿ ಮಾರಾಯ್ರೇ. ಇಗ್ನಿಷನ್ ಆಫ್ ಇಟ್ಟು ಬೆವರು ಸುರಿಸಿಕೊಂಡು ಹುಡುಕುವವರನ್ನೂ ನೋಡಿದ್ದೇನೆ.

ಕೇಬಲ್ ಚುಚ್ಚುವ, ಸ್ಟೀರಿಂಗ್ ಕೆಳಗಿನ ಕಪ್ಲರ್‌ಗೆ 16 ತೂತು. 16ನೇದರಲ್ಲಿ ಬ್ಯಾಟರಿಯ 12 ವೋಲ್ಟ್ ಸದಾ ಇರಬೇಕು, 4 ಮತ್ತು 5 ಅರ್ತ್. ಕೇಬಲ್ ಮೇಲಿನ ಲೈಟ್ ಹತ್ತಲೇ ಇಲ್ಲ ಅಂದರೆ ಮೊದಲು ಇವನ್ನು ಮೀಟರ್ ಹಿಡಿದು ನೋಡಿ. ಬಹಳ ಗಾಡಿಗಳಲ್ಲಿ ಆ 12 ವೋಲ್ಟ್ ಬರುವುದು ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಜ್‌ನಿಂದಲೇ. ಅದರೊಳಗೆ ಒಂದು ರೂಪಾಯಿ ನಾಣ್ಯ ಬಿದ್ದರೂ ಸಾಕು, ಫ್ಯೂಜ್ ಹೋಗುತ್ತದೆ, ಮೊಬೈಲ್ ಚಾರ್ಜ್ ಆಗುತ್ತಿಲ್ಲ ಅಂತ ಮಾಲೀಕರು ತಲೆ ಕೆಡಿಸಿಕೊಳ್ಳುವುದಿಲ್ಲ, ತಿಂಗಳು ಬಿಟ್ಟು ಗ್ಯಾರೇಜಿಗೆ ಬಂದಾಗ ಸ್ಕ್ಯಾನರ್ ಹತ್ತುವುದಿಲ್ಲ, ಅಲ್ಲಿಂದ ಇಸಿಎಂ ಮಾತು ಶುರುವಾಗುತ್ತದೆ. ಬಾಡಿಗೆ ಗಾಡಿಗಳಲ್ಲಿ ಜಿಪಿಎಸ್ ಡಬ್ಬಿಯವರು ಇದೇ ಕಪ್ಲರ್ ವೈರ್ ಸೀಳಿ ಟೇಪ್ ಸುತ್ತಿ ಹೋಗಿರುತ್ತಾರೆ. ಅಂಥದ್ದು ಇದ್ದರೆ ಮೊದಲು ಬಿಚ್ಚಿ ನೋಡುವುದು ಒಳ್ಳೆಯದು.

ಇನ್ನು ನಮ್ಮ ಸೀಮೆಯ ದೊಡ್ಡ ಶತ್ರು ಇಲಿ. ತುಂಗಭದ್ರಾ ಎಡದಂಡೆ ಕಾಲುವೆ ಉದ್ದಕ್ಕೂ ಗಂಗಾವತಿ, ಕಾರಟಗಿ, ಸಿಂಧನೂರು ಅಂತ ಭತ್ತವೇ ಭತ್ತ, ರೈಸ್ ಮಿಲ್ಲುಗಳು, ಗೋದಾಮುಗಳು. ಇಲಿಗೆ ಇದಕ್ಕಿಂತ ಒಳ್ಳೆ ಊರು ಬೇಕಾ? ಮಿಲ್ ಪಕ್ಕ ನಿಲ್ಲಿಸಿದ್ದ ಕಾರೊಂದು ಬಂದಿತ್ತು. ಸ್ಟಾರ್ಟ್ ಇಲ್ಲ, ಲಿಂಕ್ ಇಲ್ಲ, ಕೀ ಗುರುತಿನ ಲೈಟ್ ಮಿಣುಕುತ್ತಿತ್ತು. ಬೇರೆ ಕಡೆ ‘ಇಸಿಎಂ ಹೋಗಿದೆ’ ಅಂತ ಆಗಲೇ ತೀರ್ಪು ಆಗಿತ್ತು. ಕಪ್ಲರ್‌ನ 6 ಮತ್ತು 14ರ ನಡುವೆ ಓಮ್ಸ್ ನೋಡಿದೆ, ಬ್ಯಾಟರಿ ಬಿಚ್ಚಿಟ್ಟೇ ನೋಡಬೇಕು ಇದನ್ನ. ಆ ಎರಡು ಕ್ಯಾನ್ ಲೈನ್‌ನ, ಅಂದರೆ ಗಾಡಿಯ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಲೈನ್‌ನ ವೈರ್‌ಗಳು, ಲೈನಿನ ಎರಡು ತುದಿಗೂ 120 ಓಮ್ಸ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಪ್ಯಾರಲಲ್ ಆಗಿ ಇರುವುದರಿಂದ ಅರ್ಧವಾಗಿ ಮೀಟರ್‌ನಲ್ಲಿ 60 ಬರಬೇಕು. ಬಂದದ್ದು 120. ಅಂದರೆ ಒಂದು ತುದಿ ನಡುವೆ ಎಲ್ಲೋ ತುಂಡಾಗಿದೆ. ಏರ್ ಫಿಲ್ಟರ್ ಬಾಕ್ಸ್ ಎತ್ತಿದರೆ ಕೆಳಗೆ ಭತ್ತದ ಹೊಟ್ಟು, ಗೋಣಿ ನಾರು ಸೇರಿಸಿ ಕಟ್ಟಿದ ಗೂಡು, ಒಳ್ಳೆ ಮೆತ್ತಗಿತ್ತು. ಪಕ್ಕದಲ್ಲೇ ಹೆಣೆದ ಎರಡು ವೈರ್‌ನಲ್ಲಿ ಒಂದು ಪೂರ್ತಿ ಕಡಿದಿತ್ತು, ಇನ್ನೊಂದರ ಸಿಪ್ಪೆ ಹೋಗಿ ತಾಮ್ರ ಹಸಿರುಗಟ್ಟಿತ್ತು. ಹಸಿರಾದಷ್ಟನ್ನು ಕತ್ತರಿಸಿ ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಮೊದಲಿನ ಹಾಗೇ ಹೆಣೆದು ಕಟ್ಟಿದ ಮೇಲೆ ಮೀಟರ್‌ನಲ್ಲಿ 60 ಬಂತು. ಲ್ಯಾಪ್‌ಟಾಪ್ ಲಿಂಕ್ ಆಯಿತು, ಬೇರೆ ಯೂನಿಟ್‌ಗಳಲ್ಲಿ ಯು 0100 ಕೋಡ್ ಕೂತಿತ್ತು, ಅಂದರೆ ‘ಇಂಜಿನ್ ಕಂಪ್ಯೂಟರ್ ಮಾತಿಗೆ ಸಿಗುತ್ತಿಲ್ಲ’ ಅಂತ ಅವೂ ದೂರು ಬರೆದಿಟ್ಟಿದ್ದವು. ಇಸಿಎಂ ಜಾಗದಿಂದ ಅಲುಗಾಡಿರಲಿಲ್ಲ.

ವೈರ್ ಎಲ್ಲ ಸರಿ ಇದ್ದರೂ ಇಸಿಎಂಗೆ ಕರೆಂಟ್ ಹೋಗುತ್ತಿದೆಯಾ ಅಂತ ನೋಡದೆ ಅದನ್ನು ಬೈಯಬಾರದು. ಮೇನ್ ರಿಲೇ, ಅದರ ಫ್ಯೂಜ್, ಇಂಜಿನ್ ಮೇಲಿನ ಅರ್ತ್ ಬೋಲ್ಟ್. ಕಬ್ಬಿಣ-ಉಕ್ಕಿನ ಕಾರ್ಖಾನೆಗಳಿರುವ ಗಿಣಿಗೇರಾ ಕಡೆ ಓಡಾಡುವ ಗಾಡಿಗಳಲ್ಲಿ ಅರ್ತ್ ಬೋಲ್ಟ್ ಬಿಚ್ಚಿದರೆ ಕೆಳಗೆ ಧೂಳು, ತುಕ್ಕು ಪದರ ಪದರವಾಗಿ ಇರುತ್ತದೆ, ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಕೆಲಸ ಮುಗಿಯಿತು. ಬ್ಯಾಟರಿ ಇಳಿದಿದ್ದರೂ ಲಿಂಕ್ ನಡುವೆ ಕಡಿಯುತ್ತದೆ.

ಇಸಿಎಂ ಸಾಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಳಗೆ ನೀರು ಹೋದರೆ, ಬೇರೆ ಗಾಡಿಯಿಂದ ಸ್ಟಾರ್ಟ್ ಕೊಡುವಾಗ ಪ್ಲಸ್ ಮೈನಸ್ ಅದಲು ಬದಲಾದರೆ, ಬ್ಯಾಟರಿ ಬಿಚ್ಚದೆ ಬಂಪರ್ ಗಾರ್ಡ್‌ಗೆ ವೆಲ್ಡಿಂಗ್ ಹೊಡೆದರೆ ಸುಡಬಹುದು. ಆಗಲೂ ಅದು ಸುಟ್ಟಿದೆ ಅನ್ನುವುದನ್ನು ಮೀಟರ್ ಹಿಡಿದು ತೋರಿಸಬೇಕೇ ಹೊರತು ಲ್ಯಾಪ್‌ಟಾಪ್‌ನ ಎರರ್ ತೋರಿಸಿ ಅಲ್ಲ. ಹಾಗಾಗಿ ಮಾಲೀಕರು ಧೈರ್ಯವಾಗಿ ಕೇಳಬೇಕು: 16ರಲ್ಲಿ ವೋಲ್ಟೇಜ್ ಎಷ್ಟು ಬಂತು, 6-14ರ ನಡುವೆ ಎಷ್ಟು ಬಂತು, ಇದೇ ಲ್ಯಾಪ್‌ಟಾಪ್, ಇದೇ ಕೇಬಲ್ ಬೇರೆ ಗಾಡಿಗೆ ಲಿಂಕ್ ಆಗುತ್ತಾ? ಉತ್ತರ ಬಿಲ್ ಮೇಲೆ ಬರೆಸಿಕೊಳ್ಳಿ, ಬದಲಿಸಿದರೆ ಹಳೆಯದನ್ನು ವಾಪಸ್ ಕೇಳಿ. ಕೊಡಲಿಲ್ಲ ಅಂದರೆ ಗ್ರಾಹಕರ ಸಹಾಯವಾಣಿ 1915 ಇದೆ.

ಗ್ಯಾರೇಜಿನವರ ಕಷ್ಟವನ್ನೂ ಬರೆಯದಿದ್ದರೆ ಈ ಪತ್ರ ಅರ್ಧ ಆಗುತ್ತದೆ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಅನ್ನುವ ಹೊಗೆ ನಿಯಮ ಬಂತು, ಸೆನ್ಸರ್ ಜಾಸ್ತಿ ಆದವು, ವೈರಿಂಗ್ ಜಾಸ್ತಿ ಆಯಿತು, ಆದರೆ ಯಾವ ವೈರ್ ಎಲ್ಲಿಂದ ಎಲ್ಲಿಗೆ ಅನ್ನುವ ನಕ್ಷೆ ನಮ್ಮಂಥ ಸಣ್ಣ ಗ್ಯಾರೇಜಿಗೆ ಸುಲಭಕ್ಕೆ ಸಿಗುವುದಿಲ್ಲ. ವಾಟ್ಸಾಪ್ ಗ್ರೂಪ್‌ನಲ್ಲಿ ಮಸುಕಾದ ಫೋಟೊ ಹುಡುಕಿಕೊಂಡು ಕೆಲಸ ಮಾಡುತ್ತೇವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಶುರುವಾಯಿತು, ಕೃಷಿ ಯಂತ್ರ, ಮೊಬೈಲ್ ಜೊತೆಗೆ ವಾಹನಗಳೂ ಅದರ ಪಟ್ಟಿಯಲ್ಲಿವೆ. ಒಳ್ಳೆಯದೇ. ಆದರೆ ಬಿಡಿಭಾಗ, ವಾರಂಟಿ ಎಲ್ಲಿ ಸಿಗುತ್ತೆ ಅಂತ ಹೇಳಿದರಷ್ಟೇ ಸಾಲದು, ವೈರಿಂಗ್ ನಕ್ಷೆಯನ್ನೂ ಸಾಧಾರಣ ಬೆಲೆಗೆ ಕೊಡಿಸಬೇಕು. ನಮ್ಮ ಕೊಪ್ಪಳ, ರಾಯಚೂರು ಜಿಲ್ಲೆಯ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಇಂಜಿನ್ ಬಿಚ್ಚುವುದರ ಜೊತೆಗೆ ಒಂದು ಹಳೇ ಲ್ಯಾಪ್‌ಟಾಪ್, ಒಂದು ಕೇಬಲ್, ಒಂದು ಮಲ್ಟಿಮೀಟರ್ ಕೊಟ್ಟು, ಬೇಕಂತಲೇ ಒಂದು ವೈರ್ ಕತ್ತರಿಸಿಟ್ಟು ‘ಹುಡುಕಿ’ ಅಂತ ಬಿಡಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಕಲಿಸಲು ವಾರಕ್ಕೆ ಒಂದು ಹೊತ್ತು ಬರಲು ನಾನು ತಯಾರಿದ್ದೇನೆ, ಸಂಬಳ ಬೇಡ.

ಒಬ್ಬ ಆಟೋ ಎಲೆಕ್ಟ್ರಿಷಿಯನ್,
ಗಂಗಾವತಿ, ಕೊಪ್ಪಳ ಜಿಲ್ಲೆ