ನಮ್ಮ ಚಿಕ್ಕಪ್ಪ ಸತ್ತಿದ್ದು ಕಾರ್ಗಿಲ್‌ನಲ್ಲಿ ಅಲ್ಲ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರ.

ಹೋದ ವರ್ಷ ಆಗಸ್ಟ್ 15ಕ್ಕೆ ನಮ್ಮೂರ ಬಸ್ ಸ್ಟ್ಯಾಂಡ್ ಎದುರು ಹುತಾತ್ಮ ಯೋಧರ ಬೋರ್ಡ್ ಉದ್ಘಾಟನೆ ಮಾಡಿದಿರಿ. ಶಾಮಿಯಾನ, ಮೈಕ್, ಸ್ಕೂಲ್ ಮಕ್ಕಳಿಗೆ ಲಾಡು, ಎಲ್ಲ ಚೆನ್ನಾಗಿಯೇ ಇತ್ತು. ಬೋರ್ಡ್‌ನಲ್ಲಿ ಮೂರನೇ ಹೆಸರು ನಮ್ಮ ಚಿಕ್ಕಪ್ಪನದು. ಪಕ್ಕದಲ್ಲಿ 'ಕಾರ್ಗಿಲ್' ಅಂತ ಬರೆದಿದೆ. ಕಾರ್ಗಿಲ್ ಯುದ್ಧ ನಡೆದಿದ್ದು 1999ರಲ್ಲಿ. ಅಷ್ಟರಲ್ಲಿ ಚಿಕ್ಕಪ್ಪ ಹೋಗಿ 12 ವರ್ಷ ಆಗಿತ್ತು.

ಅವರು ಸತ್ತಿದ್ದು ಶ್ರೀಲಂಕಾದ ಜಾಫ್ನಾದಲ್ಲಿ. ಬೆಂಗಳೂರಿನ ಹಲಸೂರಿನಲ್ಲಿರುವ ಸೈನ್ಯದ ಎಂಜಿನಿಯರ್ ಪಡೆ ಎಂಇಜಿಯಲ್ಲಿ ಟ್ರೈನಿಂಗ್ ಮುಗಿಸಿದ ಸ್ಯಾಪರ್. ನೆಲಬಾಂಬ್ ಹುಡುಕಿ ತೆಗೆಯುವ ಕೆಲಸ. 1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಅದಾದ ಮೇಲೆ ನಮ್ಮ ಸೈನ್ಯ ಹೋಗಿದ್ದು ಶಾಂತಿ ಕಾಯಲು. ಅಕ್ಟೋಬರ್‌ನಲ್ಲಿ ಅಲ್ಲಿ ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು. ಜಾಫ್ನಾ ಯೂನಿವರ್ಸಿಟಿ ಮೈದಾನದಲ್ಲಿ ರಾತ್ರಿ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತರು. ಉಳಿದ ಒಬ್ಬ ಸೆರೆ ಸಿಕ್ಕಿದ. ಶ್ರೀಲಂಕಾಗೆ ಹೋದ ನಮ್ಮ ಯೋಧರಲ್ಲಿ ಒಟ್ಟು ಸುಮಾರು 1,200 ಜನ ವಾಪಸ್ ಬರಲಿಲ್ಲ.

"ಶಾಂತಿ ಕಾಯೋಕೆ ಹೋದವನು ಬಾಂಬಿಗೆ ಹೆಂಗೆ ಸತ್ತ?" ಅಂತ ಅಜ್ಜಿ ಆಗ ಕೇಳಿದ್ದಳಂತೆ. ಅದಕ್ಕೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಮನೆಗೆ ಬಂದಿದ್ದು ಒಂದು ಕರಿ ಟ್ರಂಕು. ಬಿಳಿ ಪೇಂಟ್‌ನಲ್ಲಿ ಹೆಸರು, ನಂಬರ್. ಒಳಗೆ ಎರಡು ಜೊತೆ ಬಟ್ಟೆ, ಶೇವಿಂಗ್ ಬ್ರಷ್, ಅರ್ಧ ಸವೆದ ಸೋಪು, ಪೋಸ್ಟ್ ಮಾಡದ ಒಂದು ಇನ್‌ಲ್ಯಾಂಡ್ ಲೆಟರ್. "ಇಲ್ಲಿ ತಾಳೆಮರ ಜಾಸ್ತಿ. ಜನ ಮಾತಾಡಲ್ಲ, ಸುಮ್ನೆ ನೋಡ್ತಾರೆ" ಅಂತ ಬರೆದು, ಅರ್ಧಕ್ಕೇ ನಿಲ್ಲಿಸಿದ್ದಾರೆ. ಸೋಪನ್ನು ಅಜ್ಜಿ ಇವತ್ತಿಗೂ ಬಿಸಾಡಿಲ್ಲ.

ಬೋರ್ಡ್ ವಿಷಯ ಹೇಳಲು ನಿಮ್ಮ ಆಫೀಸಿಗೆ ಎರಡು ಸಲ ಬಂದೆ. ಅಲ್ಲಿದ್ದ ಹುಡುಗ, "ಎಲ್ಲಿ ಸತ್ತರೇನು ಸಾರ್, ದೇಶಕ್ಕೋಸ್ಕರ ತಾನೇ?" ಅಂದ. ಒಳ್ಳೆಯ ಹುಡುಗನೇ, ಟೀ ಕೂಡ ಕೊಡಿಸಿದ. ಆದರೆ ಊರಿನ ಹೆಸರು ಮುಖ್ಯ ಸಾರ್. ಕಾರ್ಗಿಲ್ ಅಂದರೆ ಎಲ್ಲರ ಎದೆಯೂ ಉಬ್ಬುತ್ತದೆ. ಜಾಫ್ನಾ ಅಂದರೆ ಮಾತು ಬದಲಾಗುತ್ತದೆ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಮದ್ರಾಸಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ಆ ಯುದ್ಧ ಬೇಕಿತ್ತೋ ಬೇಡವೋ, ಅದು ದೆಹಲಿಯವರ ಲೆಕ್ಕ. ಹೋಗು ಅಂದಾಗ ಚಿಕ್ಕಪ್ಪ ಹೋದರು, ಅಷ್ಟೇ.

ತಮಾಷೆ ನೋಡಿ, ಅವರು ಹೋಗಿ ಸತ್ತ ದೇಶದಲ್ಲೇ ಅವರಿಗೊಂದು ಸ್ಮಾರಕ ಇದೆ. ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ, ಸತ್ತವರ ಹೆಸರುಗಳ ಸಮೇತ. 2025ರ ಏಪ್ರಿಲ್‌ನಲ್ಲಿ ಪ್ರಧಾನಿಯವರೂ ಅಲ್ಲಿ ಹೂಗುಚ್ಛ ಇಟ್ಟು ಬಂದರು. ಟಿವಿಯಲ್ಲಿ ಅದು ಬಂದಾಗ ಅಜ್ಜಿಯನ್ನು ಕರೆದು ಕೂರಿಸಿದೆ. ಕ್ಯಾಮೆರಾ ಬೇಗ ತಿರುಗಿಬಿಟ್ಟಿತು.

ನಾನು ಹೊಸ ಬೋರ್ಡ್ ಕೇಳುತ್ತಿಲ್ಲ. 'ಕಾರ್ಗಿಲ್' ಅಳಿಸಿ 'ಜಾಫ್ನಾ, 1987' ಅಂತ ಬರೆಸಲು ಒಂದು ಮಾತು ಹೇಳಿ ಸಾಕು. ಪೇಂಟರ್ ಕೂಲಿ ನಾನೇ ಕೊಡುತ್ತೇನೆ. ಆದಷ್ಟು ಬೇಗ ಆದರೆ ಒಳ್ಳೆಯದು. ಅಜ್ಜಿಗೆ ಈಗ 84. ಓದಲು ಬರುವುದಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗಲೆಲ್ಲ ಆಟೋ ನಿಲ್ಲಿಸಿ, "ಏನ್ ಬರ್ದವ್ರೆ, ಓದಪ್ಪ" ಅನ್ನುತ್ತಾಳೆ. ನಾನು ಪ್ರತಿ ಸಲವೂ "ಜಾಫ್ನಾ" ಅಂತಲೇ ಓದುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ